ಹೊಳೆಯ ಆಚೆ ಮನೆ, ಈಚೆ ಕೆಲಸ: ನನ್ನ ಅನುಭವ

ನನ್ನ ಕೆಲಸ ಕಾರವಾರದಲ್ಲಿ, ಮನೆ ಸದಾಶಿವಗಡದಲ್ಲಿ. ನಡುವೆ ಕಾಳಿ ಹೊಳೆ. ಈಗ ತುಂಬಾ ಜನ ಹೀಗೇ ಮಾಡುತ್ತಿದ್ದಾರೆ, ಇನ್ನೂ ಕೆಲವರು ಜಾಗ ಹುಡುಕುತ್ತಿದ್ದಾರೆ. ಅವರಿಗಾಗಿ ನಾನು ಏನು ಮಾಡಿದೆ ಅಂತ ಬರೆಯುತ್ತಿದ್ದೇನೆ.

ಕಾರವಾರ ಪೇಟೆಗೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗುಡ್ಡ. ದಕ್ಷಿಣಕ್ಕೆ ಬಿಣಗಾ ದಾಟಿದರೆ ಅರ್ಗಾದಲ್ಲಿ ನೌಕಾನೆಲೆ. ಪೇಟೆಯೊಳಗೆ ನಮ್ಮಂಥವರ ಕೈಗೆ ಸಿಗುವ ಜಾಗ ಕಡಿಮೆ. ಹಾಗಾಗಿ ನಾನು ಹೊಳೆ ದಾಟಿದೆ.

ಮೊದಲು ನೋಡಿದ್ದು ನೀರು. ಜಾಗ ತೋರಿಸುವವರು ಮಳೆಗಾಲ ಮುಗಿದ ಮೇಲೆ ಕರೆಯುತ್ತಾರೆ, ಆಗ ಎಲ್ಲ ಬಾವಿಯೂ ತುಂಬಿರುತ್ತದೆ, ನೀರೂ ಸಿಹಿ. ನಾನು ಮೇ ತಿಂಗಳವರೆಗೆ ಕಾದೆ. ಕಾಳಿ ಇಲ್ಲೇ ಸಮುದ್ರ ಸೇರುವುದರಿಂದ ಭರತದ ಹೊತ್ತಿಗೆ ಉಪ್ಪು ನೀರು ಹೊಳೆಯೊಳಗೆ ಬರುತ್ತದೆ, ಹೊಳೆ ಹತ್ತಿರದ ಬಾವಿಗಳು ಬೇಸಿಗೆಯ ಕೊನೆಗೆ ಸವುಳಾಗಬಹುದು. ನನಗೆ ಇಷ್ಟವಾದ ಒಂದು ಜಾಗದ ಪಕ್ಕದ ಮನೆಯ ಅಜ್ಜಿ ತಮ್ಮ ಬಾವಿಯಿಂದ ಒಂದು ಕೊಡ ಸೇದಿ, ಲೋಟದಲ್ಲಿ ಕೊಟ್ಟು, "ಕುಡ್ದು ನೋಡು ತಮಾ, ಈ ನೀರಲ್ಲಿ ಬೇಳೆ ಬೇಯೂದಿಲ್ಲ" ಅಂದರು. ಆ ಜಾಗ ಬಿಟ್ಟು, ಗುಡ್ಡದ ಬದಿಗೆ ಸ್ವಲ್ಪ ದೂರದಲ್ಲಿ ಹುಡುಕಿದೆ.

ಆಮೇಲೆ ಕಾಗದಪತ್ರ. ಬಿನ್‌ಶೇತ್ಕಿ (ಕೃಷಿಯೇತರ ಬಳಕೆಗೆ ಭೂ ಪರಿವರ್ತನೆ) ಆದೇಶ ಇದೆಯಾ, ಪಂಚಾಯ್ತಿಯಲ್ಲಿ ಇ-ಸ್ವತ್ತು ಅನ್ನುವ ಆಸ್ತಿ ದಾಖಲೆಯ ನಮೂನೆ 9 ಮತ್ತು 11ಎ ಸಿಗುತ್ತದೆಯಾ, ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಗೆರೆಯೊಳಗೆ ಬರುತ್ತದೆಯಾ. ಈ ಮೂರನ್ನೂ ಮುಂಗಡ ಕೊಡುವ ಮೊದಲೇ ನೋಡಬೇಕು. ನಿಯಮದ ಪ್ರಕಾರ ಆಗದ ಜಾಗಕ್ಕೆ ಕೊಡುವ 11ಬಿ ಮಾತ್ರ ಇದೆ ಅಂದರೆ ಬ್ಯಾಂಕಿನಲ್ಲಿ ಮೊದಲು ಕೇಳಿ.

ದಿನದ ಓಡಾಟ ಬೈಕಿನಲ್ಲಿ. ದೂರ ಏನೂ ಜಾಸ್ತಿ ಇಲ್ಲ. ಆದರೆ ಸೇತುವೆ ಇರುವುದು ಅಳಿವೆಯ ಹತ್ತಿರ. ಜುಲೈನಲ್ಲಿ ಸಮುದ್ರದ ಕಡೆಯಿಂದ ಗಾಳಿ ಬೀಸಿದರೆ ಮಳೆ ಅಡ್ಡಡ್ಡ ಹೊಡೆಯುತ್ತದೆ, ರೇನ್‌ಕೋಟಿನ ಕಾಲರ್ ಒಳಗೆ ನೀರಿಳಿದು ಬನಿಯನ್ನೂ ಒದ್ದೆ. ಆಫೀಸಿನ ಕಪಾಟಿನಲ್ಲಿ ಒಂದು ಜೊತೆ ಒಣ ಬಟ್ಟೆ ಯಾವಾಗಲೂ ಇಟ್ಟಿರುತ್ತೇನೆ. ರೈಲು ಇದೆಯಲ್ವಾ ಅಂತ ಕೆಲವರು ಕೇಳುತ್ತಾರೆ. ಮನೆ ಕಡೆ ಆಸ್ನೋಟಿ, ಕೆಲಸದ ಕಡೆ ಶಿರವಾಡದಲ್ಲಿ ಕಾರವಾರ ನಿಲ್ದಾಣ, ಎರಡೂ ಪೇಟೆಯಿಂದ ದೂರ. ಗೋವಾ ಕಡೆ ಕೆಲಸಕ್ಕೆ ಹೋಗುವವರಿಗೆ ಸರಿ, ನಮಗಲ್ಲ.

2024ರ ಆಗಸ್ಟ್ 6ರ ನಡುರಾತ್ರಿ ಕಳೆದು 7ನೇ ತಾರೀಕು ಹುಟ್ಟಿದ ಸ್ವಲ್ಪ ಹೊತ್ತಿಗೆ ಹಳೆಯ ಸೇತುವೆ ಕುಸಿದುಬಿತ್ತು. ಒಂದು ಲಾರಿ ಹೊಳೆಗೆ ಬಿತ್ತು, ಚಾಲಕನನ್ನು ಬದುಕಿಸಿದರು. ಆಮೇಲೆ ಹೋಗುವ ಬರುವ ವಾಹನಗಳೆಲ್ಲ ಹೊಸ ಸೇತುವೆ ಒಂದರ ಮೇಲೇ. ಅವತ್ತು ನನಗೆ ಗೊತ್ತಾಯಿತು, ನಮ್ಮ ಆಸ್ಪತ್ರೆ, ಕಾಲೇಜು, ಸಂಬಳ, ಭಾನುವಾರದ ಸಂತೆ ಎಲ್ಲ ಆ ಒಂದು ದಾರಿಯ ಮೇಲೇ ನಿಂತಿದೆ ಅಂತ. ಅದಕ್ಕೇ ಮನೆಯಲ್ಲಿ ಅಪ್ಪನ ಬಿಪಿ ಮಾತ್ರೆ ಒಂದು ತಿಂಗಳಿಗಾಗುವಷ್ಟು ತಂದಿಡುತ್ತೇವೆ. ಮನೆ ಹತ್ತಿರದ ಡಾಕ್ಟರರ ಪರಿಚಯ ಮಾಡಿಕೊಂಡೆವು. ದಿನಸಿ ಈ ಕಡೆಯ ಅಂಗಡಿಯಲ್ಲೇ ತರುತ್ತೇವೆ. ನಾವು ಇಲ್ಲಿ ತಂದರೆ ತಾನೇ ಇಲ್ಲಿ ಅಂಗಡಿ ಉಳಿಯುವುದು?

ಮನೆಗಳು ಹೆಚ್ಚುತ್ತಿವೆ. ಗಟಾರ, ಬೀದಿದೀಪ ಅಷ್ಟು ಬೇಗ ಬರುತ್ತಿಲ್ಲ. ಗ್ರಾಮಸಭೆಗೆ ಹೋಗಿ ಕೇಳುತ್ತೇನೆ, ನೀವೂ ಬನ್ನಿ. ರಾತ್ರಿ ಕೆಲಸ ಮುಗಿಸಿ ಬರುವ ಹೆಣ್ಣುಮಕ್ಕಳಿಗೆ ಹೊಳೆ ದಾಟಲು ತಡವಾಗಿ ಒಂದು ಬಸ್ಸು ಬೇಕು ಅಂತ ನಮ್ಮ ಓಣಿಯವರೆಲ್ಲ ಸಹಿ ಮಾಡಿ ಅರ್ಜಿ ಕೊಟ್ಟಿದ್ದೇವೆ. ಇನ್ನೂ ಉತ್ತರ ಬಂದಿಲ್ಲ. ಮುಂದಿನ ಸಭೆಯಲ್ಲಿ ಮತ್ತೆ ಕೇಳುತ್ತೇವೆ.