ದಿನದ ಬೈಬಲ್ ವಾಚನ ಓದುವುದು ಹೇಗೆ? ನೀತಿಪಾಠಕ್ಕೆ ಅವಸರ ಬೇಡ

ಬೆಳಿಗ್ಗೆ ವಾಟ್ಸ್‌ಆ್ಯಪ್‌ಗೆ ಬಂದ ಗುಲಾಬಿ ಚಿತ್ರದ ಮೇಲಿನ ಬೈಬಲ್ ವಚನ ಓದಿ, ಕೈಮುಗಿದ ಚಿಹ್ನೆ ಒತ್ತಿ, ಇನ್ನೊಂದು ಗುಂಪಿಗೆ ದಾಟಿಸಿದರೆ ಅಂದಿನ ಓದು ಮುಗಿಯಿತು ಎನ್ನುವವರು ನಮ್ಮ ವಿಜಯಪುರದಲ್ಲಿ ಹೆಚ್ಚಾಗುತ್ತಿದ್ದಾರೆ. ಇನ್ನು ಕೆಲವರು ಚರ್ಚು ಅಂದಿಗೆ ಗೊತ್ತುಮಾಡಿದ ಇಡೀ ಭಾಗವನ್ನು ನಿಷ್ಠೆಯಿಂದ ಓದುತ್ತಾರೆ. ಆದರೆ ಕೊನೆಯ ಸಾಲು ಮುಟ್ಟುವ ಮೊದಲೇ ‘ಗೊತ್ತಾಯ್ತು, ಎಲ್ಲರನ್ನೂ ಪ್ರೀತಿಸಬೇಕು ಅಂತ’ ಎಂದು ಪುಸ್ತಕ ಮುಚ್ಚುತ್ತಾರೆ. ಪ್ರಾರ್ಥನಾ ಕೂಟಗಳಲ್ಲಿ ಇದನ್ನು ನೋಡಿ ನೋಡಿ ಸಂಕಟವಾಗಿ ಇದನ್ನು ಬರೆಯುತ್ತಿದ್ದೇನೆ. ಇವರ ಭಕ್ತಿಗೆ ಕೊರತೆಯಿಲ್ಲ, ಅವಸರ ಜಾಸ್ತಿ.

1. ಅಂದಿನ ಭಾಗ ಹುಡುಕಿ

ಕಥೋಲಿಕರಿಗೆ ಚರ್ಚಿನ ಕ್ಯಾಲೆಂಡರ್ ಸಾಕು. ಭಾನುವಾರದ ವಾಚನಗಳು 3 ವರ್ಷಕ್ಕೊಮ್ಮೆ ಸುತ್ತಿ ಬರುತ್ತವೆ. ವಾರದ ದಿನಗಳ ಶುಭಸಂದೇಶ, ಅಂದರೆ ಯೇಸುವಿನ ಬದುಕು ಬೋಧನೆಗಳ ಭಾಗ, ಪ್ರತಿ ವರ್ಷವೂ ಅದೇ. ಸಿಎಸ್‌ಐ (ದಕ್ಷಿಣ ಭಾರತದ ಪ್ರೊಟೆಸ್ಟೆಂಟ್ ಚರ್ಚು) ಸಭೆಯವರಿಗೆ ಅವರದೇ ವಾಚನಪಟ್ಟಿ ಇದೆ. ಸಮಯ ಕಡಿಮೆ ಇದ್ದರೆ ಶುಭಸಂದೇಶವೊಂದನ್ನೇ ತೆಗೆದುಕೊಳ್ಳಿ. ಅಂದಿನ ಎಲ್ಲ ವಾಚನಗಳನ್ನೂ ಓಡಿಸಿ ಓದುವುದಕ್ಕಿಂತ ಅದೇ ಮೇಲು.

2. ಬಾಯಿಬಿಟ್ಟು ಓದಿ, ಎರಡು ಸಲ

ಅಚ್ಚಾದ ಪುಸ್ತಕವೇ ಆಗಬೇಕು. ಮೊಬೈಲ್‌ನಲ್ಲಿ ಓದುವಾಗ ಮೇಲಿನಿಂದ ಒಂದು ಸಂದೇಶ ಇಳಿದು ಬಂದರೆ ಅಲ್ಲಿಗೆ ಮುಗಿಯಿತು. ಆ್ಯಪ್‌ನ ಧ್ವನಿಗೆ ಓದಿಸಿ ರೊಟ್ಟಿ ಬಡಿಯುತ್ತ ಕೇಳುವುದು ತಪ್ಪಲ್ಲ, ಆದರೆ ಅದನ್ನು ಓದಿನ ಲೆಕ್ಕಕ್ಕೆ ಸೇರಿಸಬೇಡಿ.

3. ಹಿಂದಿನ ಪುಟ, ಮುಂದಿನ ಪುಟ

ಕ್ಯಾಲೆಂಡರ್ ಕೊಡುವುದು ಕತ್ತರಿಸಿದ ತುಣುಕು. ಅಧ್ಯಾಯಗಳ ಗೆರೆಗಳೂ ಮೂಲದವಲ್ಲ, ಈಗಿನ ವಿಂಗಡಣೆ 13ನೇ ಶತಮಾನದ್ದು. ಹಾಗಾಗಿ ಹತ್ತು ಸಾಲು ಹಿಂದಕ್ಕೆ, ಹತ್ತು ಸಾಲು ಮುಂದಕ್ಕೆ ಕಣ್ಣಾಡಿಸಿ.

ಯೇಸು ಹೇಳಿದ ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿಯನ್ನೇ (ದೃಷ್ಟಾಂತ ಕಥೆಯನ್ನೇ) ನೋಡಿ, ಮತ್ತಾಯನ ಶುಭಸಂದೇಶದ 20ನೇ ಅಧ್ಯಾಯದ ಮೊದಲ 16 ವಚನಗಳು. ಬೆಳಗಿನಿಂದ ದುಡಿದವನಿಗೂ ಸಂಜೆ ಒಂದೇ ತಾಸು ದುಡಿದವನಿಗೂ ಯಜಮಾನ ಒಂದೇ ಕೂಲಿ ಕೊಡುತ್ತಾನೆ. ಇದನ್ನಷ್ಟೇ ಓದಿದರೆ ‘ದೇವರಿಗೆ ಎಲ್ಲರೂ ಸಮ’ ಎಂದು ಮುಗಿಸಿಬಿಡಬಹುದು. ಆದರೆ 19ನೇ ಅಧ್ಯಾಯದ ಕೊನೆಯಲ್ಲಿ ಶಿಷ್ಯ ಪೇತ್ರ ಯೇಸುವನ್ನು ಕೇಳುತ್ತಾನೆ: ಎಲ್ಲವನ್ನೂ ಬಿಟ್ಟು ನಿಮ್ಮ ಹಿಂದೆ ಬಂದೆವಲ್ಲ, ನಮಗೇನು ಸಿಗುತ್ತದೆ? ಸಾಮತಿ ಮುಗಿದು ಸ್ವಲ್ಪ ಮುಂದೆ ಹೋದರೆ ಶಿಷ್ಯರೇ ಆದ ಜೆಬೆದಾಯನ ಮಕ್ಕಳ ತಾಯಿ ಬಂದು, ತನ್ನ ಮಕ್ಕಳಿಗೆ ಯೇಸುವಿನ ಎಡಬಲದ ಜಾಗ ಬೇಡುತ್ತಾಳೆ. ಸಾಮತಿ ಈ ಎರಡು ಬೇಡಿಕೆಗಳ ನಡುವೆ ಕೂತಿದೆ. ಬೆಳಗಿನಿಂದ ದುಡಿದವರ ಸಾಲಿನಲ್ಲಿ ಪೇತ್ರನನ್ನು ನಿಲ್ಲಿಸಿ ಓದಿದರೆ ಅದು ಬೇರೆಯೇ ಆಗಿ ಕೇಳಿಸುತ್ತದೆ.

ವಾಗ್ದಾನದ ಕಾರ್ಡುಗಳ ಮಾತು ಇಲ್ಲೇ ಹೇಳಿಬಿಡುತ್ತೇನೆ. ಹೊಸ ವರ್ಷಕ್ಕೆ ಬಣ್ಣಬಣ್ಣದ ಡಬ್ಬಿಯಲ್ಲಿ ಬರುತ್ತವಲ್ಲ, ಚೀಟಿಯಂತೆ ಎತ್ತುವವು. ದಯವಿಟ್ಟು ಕೊಳ್ಳಬೇಡಿ. ಅವುಗಳಲ್ಲಿ ತಪ್ಪದೆ ಇರುವ ವಚನ ಪ್ರವಾದಿ ಯೆರೆಮೀಯನ ಪುಸ್ತಕದ 29:11, ನಿಮಗಾಗಿ ನನ್ನಲ್ಲಿರುವುದು ಹಿತದ ಯೋಚನೆಗಳೇ ಎಂಬುದು. ಅದು ಬಾಬಿಲೋನಿಗೆ ಸೆರೆಹೋದ ಯೆಹೂದ್ಯರಿಗೆ ಬರೆದ ಪತ್ರದ ಸಾಲು. ಅದರ ಹಿಂದಿನ ವಚನದಲ್ಲೇ 70 ವರ್ಷ ಕಾಯಬೇಕು ಎಂದಿದೆ. ಅದಕ್ಕೂ ಮೊದಲು ಮನೆ ಕಟ್ಟಿ, ತೋಟ ಮಾಡಿ, ನಿಮ್ಮನ್ನು ಸೆರೆಯಿಟ್ಟ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂದಿದೆ. ದುಃಖದಲ್ಲಿರುವವರಿಗೆ ನಿಜವಾದ ಆಸರೆ ಆ ಇಡೀ ಪತ್ರದಲ್ಲಿದೆ. ಕಾರ್ಡು ಅದನ್ನೇ ಕತ್ತರಿಸಿ ಎಸೆದಿರುತ್ತದೆ.

4. ತೊಡರುವ ಸಾಲಿನಲ್ಲಿ ನಿಲ್ಲಿ

ಬಹುತೇಕರು ಎಡವುವುದು ಇಲ್ಲಿ. 12ನೇ ಶತಮಾನದ, ಕಾರ್ಥೂಸಿಯನ್ ಎಂಬ ಕಥೋಲಿಕ ಸಂಘದ ಸಂನ್ಯಾಸಿ ಎರಡನೇ ಗೀಗೋ ಈ ಬಗೆಯ ಓದನ್ನು ನಾಲ್ಕು ಮೆಟ್ಟಿಲಾಗಿ ವಿವರಿಸಿದ: ಓದು, ಮನನ, ಪ್ರಾರ್ಥನೆ, ಧ್ಯಾನ. ನಮ್ಮವರು ಓದಿನಿಂದ ನೇರವಾಗಿ ಪ್ರಾರ್ಥನೆಗೆ ಜಿಗಿಯುತ್ತಾರೆ, ಮನನ ಬಿಟ್ಟೇಹೋಗುತ್ತದೆ.

ಮನನ ಎಂದರೆ ಅರ್ಥ ಹುಡುಕುವುದು ಎಂದುಕೊಳ್ಳಬೇಡಿ. ಮೊದಲು ನೋಡಬೇಕು. ಯಾರು ಎಲ್ಲಿ ನಿಂತಿದ್ದಾರೆ, ಹೊತ್ತೆಷ್ಟು, ಯಾರು ಯಾರಿಗೆ ಏನೆಂದರು? ಈ ಸಾಮತಿಯಲ್ಲಿ ಯಜಮಾನನಿಗೆ ಕೂಲಿ ಹಂಚಲು ಒಬ್ಬ ಮೇಸ್ತ್ರಿ ಇದ್ದಾನೆ. ಆದರೂ ಆಳುಗಳನ್ನು ಕರೆಯಲು ಪೇಟೆಗೆ ತಾನೇ ಹೋಗುತ್ತಾನೆ, ಐದು ಸಲ. ಮೇಸ್ತ್ರಿಯನ್ನು ಯಾಕೆ ಕಳಿಸಲಿಲ್ಲ? ಕೂಲಿಯನ್ನು ಕೊನೆಗೆ ಬಂದವರಿಂದ ಶುರುಮಾಡಿ ಕೊಡು ಎನ್ನುತ್ತಾನೆ. ಮೊದಲು ಬಂದವರಿಗೆ ಕೊಟ್ಟು ಕಳಿಸಿದ್ದರೆ ಜಗಳವೇ ಇರುತ್ತಿರಲಿಲ್ಲ. ಅವರು ನಿಂತು ನೋಡಲಿ ಎಂದು ಬಯಸಿದನೇ? ಇಂಥ ಪ್ರಶ್ನೆಗಳಿಗೆ ತಕ್ಷಣ ಉತ್ತರ ಬರೆದುಕೊಳ್ಳಬೇಡಿ, ಇರಲಿ ಬಿಡಿ.

ಆಮೇಲೆ ಮನಸ್ಸು ತೊಡರಿಕೊಳ್ಳುವ ಒಂದು ಸಾಲು ಹಿಡಿಯಿರಿ. ಸಮಾಧಾನ ಕೊಡುವ ಸಾಲೇ ಆಗಬೇಕಿಲ್ಲ. ಸಿಟ್ಟು ಬರಿಸುವ ಸಾಲಾದರೆ ಇನ್ನೂ ಒಳ್ಳೆಯದು ಎಂಬುದು ನನ್ನ ದೃಢ ಅಭಿಪ್ರಾಯ. ‘ಇದು ಅನ್ಯಾಯ’ ಎಂದು ಹೊಟ್ಟೆಯಲ್ಲಿ ಚುರುಕ್ಕೆಂದರೆ, ಆ ಸಿಟ್ಟು ಯಾವ ಲೆಕ್ಕಾಚಾರದಿಂದ ಬಂತು ಎಂದು ಕೇಳಿಕೊಳ್ಳಬಹುದು. ನಾನು ಇಷ್ಟು ವರ್ಷ ಗಾಯನ ಮಂಡಳಿಯಲ್ಲಿ ಹಾಡಿದೆ, ನಿನ್ನೆ ಬಂದವಳಿಗೆ ಅಷ್ಟು ಮರ್ಯಾದೆ ಯಾಕೆ ಎಂಬ ಲೆಕ್ಕ ಅಲ್ಲಿ ಸಿಕ್ಕರೂ ಸಿಗಬಹುದು.

ನಮ್ಮ ಕೂಟದಲ್ಲಿ ಈ ಭಾಗ ಓದಿದಾಗ ಎಲ್ಲರೂ ಕೊನೆಯವರು ಮೊದಲಿನವರಾಗುವ ಮಾತಿಗೆ ಹೋದರು. ತಿಕೋಟಾ ಕಡೆಯ ತೋಟಗಳಿಗೆ ಚಾಟ್ನಿ (ದ್ರಾಕ್ಷಿ ಬಳ್ಳಿ ಸವರುವ) ಕೆಲಸಕ್ಕೆ ಹೋಗುವ ಒಬ್ಬ ತಾಯಿ ಮಾತ್ರ 7ನೇ ವಚನ ಬಿಟ್ಟು ಕದಲಲಿಲ್ಲ. ಸಂಜೆ ಐದಕ್ಕೂ ಯಾಕೆ ಸುಮ್ಮನೆ ನಿಂತಿದ್ದೀರಿ ಎಂದರೆ ಅವರು ‘ನಮ್ಮನ್ನ ಯಾರೂ ಕರೀಲಿಲ್ಲ’ ಎನ್ನುತ್ತಾರಲ್ಲ, ಆ ಸಾಲು. ‘ಹೊತ್ತು ಏರಿದ ಮ್ಯಾಲೆ ಟಂಟಂ ಬರೂದಿಲ್ಲರೀ. ಆದರೂ ನಿಲ್ಲತೀವಿ. ಬರಿಗೈಲೆ ಮನಿಗೆ ಹೋಗಿ ಏನಂತ ಹೇಳೂದು?’ ಎಂದಳು. ಟಂಟಂ ಎಂದರೆ ಆಳುಗಳನ್ನು ತೋಟಕ್ಕೆ ಒಯ್ಯುವ ಗಾಡಿ. ಸಂಜೆಯವರನ್ನು ಅಲ್ಲಿಯವರೆಗೆ ನಾವೆಲ್ಲ ಮೈಗಳ್ಳರೆಂದೇ ಎಣಿಸಿದ್ದೆವು. ಗ್ರಂಥದಲ್ಲಿ ಹಾಗೆಂದು ಎಲ್ಲೂ ಇಲ್ಲ. ಕಾದು ನಿಂತವರು ಅವರು. ಅವರ ಮನೆಯಲ್ಲೂ ಅಂದು ರಾತ್ರಿ ಉಣ್ಣುವ ಮಕ್ಕಳಿದ್ದರೆ? ಒಂದು ತಾಸಿನ ಕೂಲಿಗೆ ಹೊಟ್ಟೆ ತುಂಬದು. ಯಜಮಾನ ಕೊಟ್ಟದ್ದು ಒಂದು ದಿನದ ಅನ್ನ.

ಆ ತಾಯಿ ಯಾವ ವ್ಯಾಖ್ಯಾನವನ್ನೂ ಓದಿದವಳಲ್ಲ. ವ್ಯಾಖ್ಯಾನ ಪುಸ್ತಕ ಬೇಕೆನಿಸಿದರೆ ಮನನ ಮುಗಿದ ಮೇಲೆ ತೆರೆಯಿರಿ, ಮೊದಲೇ ಬೇಡ. ನಂಬಿದರೆ ವ್ಯಾಪಾರ ಏರುತ್ತದೆ, ಸೈಟು ಸಿಗುತ್ತದೆ ಎನ್ನುವ ಮಿರುಗು ಕಾಗದದ ಪುಸ್ತಕಗಳನ್ನಂತೂ ಮನೆಗೇ ತರಬೇಡಿ.

5. ಉತ್ತರ ಕೊಡಿ

ಆ ಸಾಲು ನಿಮ್ಮಲ್ಲಿ ಎಬ್ಬಿಸಿದ್ದನ್ನೇ ದೇವರಿಗೆ ಹೇಳಿ, ಮನೆಮಾತಿನಲ್ಲಿ. ಸಿಟ್ಟಿದ್ದರೆ ಸಿಟ್ಟನ್ನೇ ಹೇಳಿ, ಬೈಬಲಿನ ಕೀರ್ತನೆಗಳನ್ನು ಬರೆದವರೂ ಹಾಗೇ ಮಾಡಿದ್ದಾರೆ. ಮಾತು ಬಾರದಿದ್ದರೆ ಅಂದಿನ ಕೀರ್ತನೆಯನ್ನೇ ಓದಿ. ಚರ್ಚಿನ ಪೂಜೆಯಲ್ಲೂ ಮೊದಲ ವಾಚನಕ್ಕೆ ಪ್ರತ್ಯುತ್ತರವಾಗಿ ಬರುವುದು ಅದೇ.

6. ಐದು ನಿಮಿಷ ಸುಮ್ಮನಿರಿ

ಇದಕ್ಕೆ ವಿವರಣೆ ಬೇಡ.

7. ಸಾಲನ್ನು ಜೊತೆಗೊಯ್ಯಿರಿ

ಹಿಡಿದ ಸಾಲನ್ನು ಚೀಟಿಯಲ್ಲಿ ಬರೆದು ಜೇಬಿಗೋ ಪರ್ಸಿಗೋ ಹಾಕಿಕೊಳ್ಳಿ. ಮಧ್ಯಾಹ್ನ ಒಮ್ಮೆ, ಮಲಗುವ ಮುಂಚೆ ಒಮ್ಮೆ ನೋಡಿ. ಅಂದೇ ಏನೋ ಹೊಳೆಯಬೇಕೆಂಬ ಒತ್ತಡ ಬೇಡ. ವಂಶಾವಳಿಯ ಹೆಸರುಗಳೋ ಯಾಜಕರ ನಿಯಮಗಳೋ ಬಂದ ದಿನ ಏನೂ ತೊಡರದೆ ಹೋಗಬಹುದು. ಆಗ ಕೀರ್ತನೆಯೊಂದನ್ನೇ ಇಟ್ಟುಕೊಳ್ಳಿ.

ಕ್ಯಾಲೆಂಡರ್ ಇನ್ನೂ ಸಿಕ್ಕಿಲ್ಲದ ಹೊಸಬರು ಮಾರ್ಕನ ಶುಭಸಂದೇಶದಿಂದ ಶುರುಮಾಡಲಿ. 16 ಅಧ್ಯಾಯಗಳಿವೆ, ನಾಲ್ಕು ಶುಭಸಂದೇಶಗಳಲ್ಲಿ ಅದೇ ಚಿಕ್ಕದು. ದಿನಕ್ಕೆ ಒಂದೇ ಘಟನೆ ಓದಿ. ಇಡೀ ಅಧ್ಯಾಯ ಬೇಡ.