ತೋಟವನ್ನು ದ್ವೀಪ ಮಾಡಿ ಶಂಖದ ಹುಳು ತೆಗೆದ ನನ್ನ ಅನುಭವ

ನಮ್ಮ ಸಕಲೇಶಪುರ ತಾಲ್ಲೂಕಿನ ಯಸಳೂರು ಕಡೆ ಶಂಖದ ಹುಳುವನ್ನು, ಅಂದರೆ ದೊಡ್ಡ ಆಫ್ರಿಕನ್ ಬಸವನಹುಳುವನ್ನು, ಕಡಿಮೆ ಮಾಡಬಹುದು, ಪೂರ್ತಿ ತೆಗೆಯೋಕೆ ಆಗಲ್ಲ ಅನ್ನುವುದು ಎಲ್ಲರ ಮಾತು. ಪಕ್ಕದ ತೋಟದ ಅಣ್ಣ ಅಂತೂ "ಸುಮ್ನೆ ದುಡ್ಡು ಕಳೀಬೇಡ ಮಾರಾಯ" ಅಂದಿದ್ದರು. ನನ್ನ ಹದಿನಾಲ್ಕು ಎಕರೆಯಲ್ಲಿ ಈಗ ಸುಮಾರು ಹತ್ತು ಎಕರೆಯಲ್ಲಿ ಹುಳು ಖಾಲಿಯಾಗಿದೆ. ಎರಡು ಮಳೆಗಾಲ ಕಳೆದರೂ ಅಲ್ಲಿ ದೊಡ್ಡ ಹುಳು ಒಂದೂ ಸಿಕ್ಕಿಲ್ಲ. ಅದೇ ಅಣ್ಣ ಈಗ ತಮ್ಮ ತೋಟಕ್ಕೂ ಬಾ ಅಂತ ಕರೆಯುತ್ತಿದ್ದಾರೆ.

ಮೊದಲು ಯಾವುದು ಕೈಕೊಟ್ಟಿತು ಅಂತ ಹೇಳುತ್ತೇನೆ. ತೌಡು, ಬೆಲ್ಲಕ್ಕೆ ಮೆಥೋಮಿಲ್ (2023ರಲ್ಲಿ ನಿಷೇಧವಾದ ಕೀಟನಾಶಕ) ಕಲಸಿದ ಬೈಟ್ ಆಗ ಎಲ್ಲರೂ ಇಟ್ಟವರೇ. ಬೆಳಗ್ಗೆ ರಾಶಿ ಸತ್ತಿರುತ್ತಿದ್ದವು, ಜೋರು ಮಳೆ ಬಂದರೆ ಬೈಟ್ ಕೊಚ್ಚಿ ಹೋಗುತ್ತಿತ್ತು, ಹದಿನೈದು ದಿನಕ್ಕೆ ಮತ್ತೆ ಅಷ್ಟೇ ಹುಳು. ಆಳುಗಳ ಲೈನ್ ಮನೆಯ ನಾಯಿ, ಕೋಳಿಗಳ ಭಯ ಬೇರೆ. ಉಪ್ಪು ಹಾಕಿದರೆ ಎಳೆ ಗಿಡದ ಬುಡ ಹಾಳು. ಹುಳು ಹೆಕ್ಕಿ ತಂದರೆ ಕೆಜಿಗೆ ಹತ್ತು ರೂಪಾಯಿ ಕೊಡುತ್ತೇನೆ ಅಂದಾಗ ಚೀಲಗಟ್ಟಲೆ ಬಂತು, ಆದರೆ ಅದರಲ್ಲಿ ಅರ್ಧ ಹೊಳೆಯಾಚೆಯ ತೋಟದ್ದು! ಹೊತ್ತು ತರುವಾಗ ದಾರಿಯುದ್ದಕ್ಕೂ ಬಿದ್ದಿದ್ದವು. ಅವತ್ತೇ ಕೆಜಿ ಲೆಕ್ಕ ನಿಲ್ಲಿಸಿ ರಾತ್ರಿ ಕೂಲಿ ಮಾಡಿದೆ. ಈ ಎಲ್ಲದಕ್ಕೂ ಸೇರಿ ಲಕ್ಷದ ಮೇಲೆ ಹೋಗಿರಬೇಕು.

ದಾರಿ ಸಿಕ್ಕಿದ್ದು ಸಮುದ್ರದ ದ್ವೀಪವೊಂದರಿಂದ. ದಕ್ಷಿಣ ಅಟ್ಲಾಂಟಿಕ್‌ನ ಸೌತ್ ಜಾರ್ಜಿಯಾ ದ್ವೀಪಕ್ಕೆ ಹಡಗುಗಳಲ್ಲಿ ಇಲಿ ಬಂದು ಹಕ್ಕಿಗಳ ಮೊಟ್ಟೆ, ಮರಿ ತಿಂದು ಮುಗಿಸುತ್ತಿದ್ದವು. ಅಷ್ಟು ದೊಡ್ಡ ಜಾಗವನ್ನು ಅವರು ಒಟ್ಟಿಗೆ ಮುಟ್ಟಲಿಲ್ಲ. ಹಿಮನದಿಗಳು ದ್ವೀಪವನ್ನು ತುಂಡು ತುಂಡು ಮಾಡಿದ್ದವು, ಇಲಿ ಅದನ್ನು ದಾಟುತ್ತಿರಲಿಲ್ಲ. 2011, 2013, 2015ರಲ್ಲಿ ಒಂದೊಂದು ಕಡೆ ಹೆಲಿಕಾಪ್ಟರ್‌ನಿಂದ ವಿಷ ಹಾಕಿ, 2018ರಲ್ಲಿ ಇಲಿ ಇಲ್ಲ ಅಂತ ಘೋಷಿಸಿದರು. ನಮಗೆ ಹಿಮನದಿ ಇಲ್ಲ, ಆದರೆ ಅಗಳು (ತೋಟದ ಕಂದಕ), ಜೀಪ್ ರಸ್ತೆ, ಹಳ್ಳ ಇವೆಯಲ್ವಾ?

ತೋಟವನ್ನು ಐದು ತುಂಡು ಮಾಡಿದೆ. ಅಗಳಿನ ಹೂಳು ತೆಗೆಸಿ, ಎರಡೂ ದಡದಲ್ಲಿ ಒಂದು ಮಾರು ಅಗಲ ಕಸ, ದರಗು ಏನೂ ಇಲ್ಲದಂತೆ ಕೆರೆಸಿದೆ. ಸುಣ್ಣದ ಪಟ್ಟಿ ಒಂದೇ ಮಳೆಗೆ ಹೋಯಿತು. ಮೈಲುತುತ್ತದ (ಕಾಪರ್ ಸಲ್ಫೇಟ್) ನೀರಲ್ಲಿ ಅದ್ದಿದ ಗೋಣಿಪಟ್ಟಿ ನಿಂತಿತು. ಅದನ್ನು ಆಗಾಗ ಮತ್ತೆ ಅದ್ದಬೇಕು. ಎಷ್ಟು ಗಟ್ಟಿ, ಜೊತೆಗೆ ಏನು ಬೆರೆಸುತ್ತೇನೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ. ಹಳ್ಳದ ಕಡೆ ಮಾತ್ರ ಇದನ್ನು ಹಾಕಲೇಬೇಡಿ, ಮೀನು ಸಾಯುತ್ತವೆ. ಅಲ್ಲಿ ಕೈಯಿಂದಲೇ ಹೆಕ್ಕಬೇಕು.

ಸಮಯವೇ ಮುಖ್ಯ. ಬೇಸಿಗೆಯಲ್ಲಿ ಚಿಪ್ಪಿನ ಬಾಯಿ ಮುಚ್ಚಿಕೊಂಡು ಮಲಗಿದ ಹುಳು ಹೂಮಳೆಗೆ, ಅಂದರೆ ಕಾಫಿ ಹೂ ಬಿಡಿಸುವ ಬೇಸಿಗೆ ಮಳೆಗೆ, ಏಳುತ್ತದೆ. ಮೊಟ್ಟೆ ಇಡುವ ಮೊದಲೇ ಹಿಡಿಯಬೇಕು. ಒಂದು ಸಲಕ್ಕೆ ನೂರರ ಮೇಲೆ ಮೊಟ್ಟೆ ಇಡುತ್ತದೆ. ಗಂಡು ಹೆಣ್ಣು ಎರಡೂ ಒಂದರಲ್ಲೇ ಇರುವುದರಿಂದ ಸಿಕ್ಕಿದ್ದೆಲ್ಲ ತಾಯಿಯೇ ಅಂತ ಲೆಕ್ಕ. ಕತ್ತಲಾದ ಮೇಲೆ ಹೆಡ್‌ಲೈಟ್ ಕಟ್ಟಿಕೊಂಡು ಆರು ಜನ ಸಾಲಾಗಿ ನಡೆಯುತ್ತಿದ್ದೆವು. ಅಂಚಿನಿಂದ ನಡುವಿಗೆ, ಯಾವತ್ತೂ ನಡುವಿನಿಂದ ಅಂಚಿಗಲ್ಲ. ಕೈಗವಸು ಹಾಕದವರಿಗೆ ಕೆಲಸ ಇಲ್ಲ. ಹುಳುವಿನ ಲೋಳೆಯಲ್ಲಿ ಮಿದುಳಿಗೆ ಹೋಗುವ ಜಂತು ಇರಬಹುದು. ಹಿಡಿದದ್ದು ಉಪ್ಪುನೀರಿನ ಡ್ರಮ್‌ಗೆ, ಆಮೇಲೆ ಸುಣ್ಣ ಹಾಕಿದ ಗುಂಡಿಗೆ.

ಮೊದಲ ತುಂಡಿನಲ್ಲಿ ಒಂದು ಟನ್ ಹತ್ತಿರ ಬಂತು. ಅದಕ್ಕೆ ಆದ ಖರ್ಚು ಸುಮಾರು ನಲವತ್ತು ಸಾವಿರ. ಕೊನೆಯ ಒಂದು ಬುಟ್ಟಿ ಹುಳುವಿಗೂ ಹೆಚ್ಚುಕಡಿಮೆ ಅಷ್ಟೇ! ಎಲ್ಲರೂ ಸೋಲುವುದು ಇಲ್ಲೇ. ಹುಳು ಕಾಣದ ರಾತ್ರಿಗೂ ಕೂಲಿ ಕೊಡಬೇಕು, ಕೊಟ್ಟೆ. ಕೊನೆಯವನ್ನು ಹೊರಗೆ ತರಲು ಒದ್ದೆ ಗೋಣಿಯ ಕೆಳಗೆ ಪಪ್ಪಾಯಿ ಇಟ್ಟೆ.

ನಡುವೆ ಬಾತುಕೋಳಿ ಸಾಕಿ ನೋಡಿದೆ. ಸಣ್ಣ ಹುಳುಗಳನ್ನು ಚೆನ್ನಾಗಿ ತಿಂದವು, ಆದರೆ ನರಿ ಬಾತುಗಳನ್ನೇ ತಿಂದಿತು. ಹುಳು ತಿನ್ನುವ ಬೇರೆ ಬಸವನಹುಳು ತರಿಸೋಣ ಅಂತ ಒಬ್ಬರು ಹೇಳಿದರು. ಅದು ಬೇಡವೇ ಬೇಡ. ಹವಾಯಿಯಲ್ಲಿ 1955ರಲ್ಲಿ ಇದೇ ಕೆಲಸಕ್ಕೆ ತಂದ ಹುಳು, ಆಫ್ರಿಕನ್ ಹುಳು ಬಿಟ್ಟು ಆ ದ್ವೀಪಗಳ ಸ್ವಂತ ಬಸವನಹುಳುಗಳಲ್ಲಿ ಎಷ್ಟೋ ಜಾತಿಗಳನ್ನು ಮುಗಿಸಿತು. ನಮ್ಮ ಮರದ ಮೇಲೂ ನಮ್ಮದೇ ಸಣ್ಣ ಜಾತಿಗಳಿವೆ. ಅವನ್ನು ಹೆಕ್ಕಬಾರದು ಅಂತ ಆಳುಗಳಿಗೆ ಮೊದಲ ರಾತ್ರಿಯೇ ತೋರಿಸಿಕೊಟ್ಟಿದ್ದೆ.

ಖಾಲಿಯಾದ ತುಂಡುಗಳಲ್ಲಿ ಮೆಣಸಿನ ಎಳೆ ಬಳ್ಳಿ ಉಳಿಯುತ್ತಿದೆ. ಮಿಂಚುಹುಳು ಜಾಸ್ತಿಯಾಗಿವೆ. ಅವುಗಳ ಮರಿಗಳು ಬಸವನಹುಳು ತಿಂದೇ ಬೆಳೆಯುವಂಥವು. ವಿಷ ನಿಲ್ಲಿಸಿದ್ದಕ್ಕೇ ಉಳಿದವು ಅಂತ ನನ್ನ ನಂಬಿಕೆ.

ಉಳಿದ ನಾಲ್ಕು ಎಕರೆ ಹಳ್ಳದ ಪಕ್ಕದ್ದು. ಮುಂದಿನ ಹೂಮಳೆಗೆ ಶುರು ಮಾಡುತ್ತೇನೆ. ಅಲ್ಲಿಯವರೆಗೆ ಹೊರಗಿನ ಗೊಬ್ಬರ, ನರ್ಸರಿ ಗಿಡ ಯಾವುದೇ ಬಂದರೂ ಗೇಟ್ ಹತ್ತಿರ ಸಿಮೆಂಟ್ ಕಣದಲ್ಲಿ ಇಳಿಸಿ, ಬುಟ್ಟಿ ಬುಟ್ಟಿ ನೋಡಿಯೇ ಒಳಗೆ ಬಿಡುತ್ತಿದ್ದೇವೆ.