ಔಷಧ ಹಚ್ಚಿಟ್ಟ ಬೀಜ ಮೊಳೆಯಲಿಲ್ಲ: ನನ್ನ ಅನುಭವ

ಭಾಲ್ಕಿ ಕಡೆ ನಮ್ಮದು ಸ್ವಲ್ಪ ಮೆಕ್ಕೆಜೋಳ. ಹೈಬ್ರಿಡ್ ಅಲ್ಲ, ಮನೆ ಬೀಜವೇ. ಹೋದ ವರ್ಷ ಫೆಬ್ರವರಿಯಲ್ಲೇ 20 ಕೆಜಿ ಬೀಜಕ್ಕೆ ಥೈರಾಮ್ (ಬೂಷ್ಟು ರೋಗ ತಡೆಯುವ ಔಷಧ) ಹಾಕಿ, ಮೇಲೆ ಹುಳದ ಔಷಧವನ್ನೂ ನೀರಲ್ಲಿ ಕಲಸಿ ಹಚ್ಚಿದೆ. ಪೂರ್ತಿ ಆರುವ ಮೊದಲೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ತಗಡಿನ ಶೆಡ್ಡಿನಲ್ಲಿಟ್ಟೆ. ನಮ್ಮ ಬೇಸಿಗೆ ಗೊತ್ತಲ್ವಾ!

ಜೂನ್‌ನಲ್ಲಿ 100 ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ. ಏಳು ದಿನಕ್ಕೆ ಮೊಳೆತದ್ದು 58. ಪ್ರಮಾಣಿತ ಬೀಜಕ್ಕೆ 90 ಬೇಕು. ಮೊಳಕೆಯೂ ಗಿಡ್ಡ, ಬೇರು ದಪ್ಪ. ಅವ್ವ ನೋಡಿ, "ಇದಕ್ಕೆ ಜ್ವರ ಬಂದೈತಿ" ಎಂದಳು.

ತಪ್ಪು ಔಷಧದ್ದೊಂದೇ ಅಲ್ಲ. ತೇವ, ಸೆಕೆ, ಜಾಸ್ತಿ ದಿನ ಮೂರೂ ಸೇರಿದ್ದವು. ಬೀಜಕ್ಕೂ ಉಸಿರಿರುತ್ತದೆ. ತೇವ ಬಿಸಿ ಹೆಚ್ಚಾದಷ್ಟೂ ಅದು ಬೇಗ ಮುದಿಯಾಗುತ್ತದೆ. ಅದರ ಮೇಲೆ ಔಷಧ ತಿಂಗಳುಗಟ್ಟಲೆ ಅಂಟಿಕೊಂಡಿದ್ದರೆ ಮೊಳಕೆಗೂ ಪೆಟ್ಟು.

ಈ ವರ್ಷ ಕಾಳನ್ನು ಹಲ್ಲಿನಲ್ಲಿ ಕಡಿದರೆ ಕಟ್ ಎನ್ನುವವರೆಗೆ ಒಣಗಿಸಿದೆ. ತೇವಾಂಶ ನೂರಕ್ಕೆ 12ಕ್ಕಿಂತ ಕೆಳಗೆ ಇರಬೇಕು. ಔಷಧ ಹಚ್ಚದೆ ಡಬ್ಬಿಯಲ್ಲಿ ಬೇವಿನೆಲೆ ಹಾಕಿ, ತಂಪು ಕೋಣೆಯಲ್ಲಿಟ್ಟೆ. ಬಿತ್ತುವ ಹಿಂದಿನ ದಿನ ಕೆಜಿಗೆ 3 ಗ್ರಾಂ ಥೈರಾಮ್ ಹಚ್ಚಿ ನೆರಳಲ್ಲಿ ಆರಿಸಿದೆ. ನೂರಕ್ಕೆ 93 ಮೊಳೆತವು.

ಹಳೆಯ ಬೀಜ ಏನಾಯ್ತು ಅಂತೀರಾ? ಕೋಳಿಗೆ ಹಾಕುವಂತಿರಲಿಲ್ಲ, ವಿಷ ಅದು. ಗುಂಡಿ ತೋಡಿ ಹೂತೆ, ಬಾವಿಯಿಂದ ದೂರ.